ಗಾಲಿಯ ಮೇಲಿನ ಅಡುಗೆಮನೆ, ಗೋಡೆಯ ಮೇಲಿನ ಅಲಾರಂ



ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಒಂದನ್ನೊಂದು ಹಾಯುತ್ತವೆ. ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ 48 ಒಂದು. ಬಳ್ಳಾರಿ, ಚಳ್ಳಕೆರೆಯಿಂದ ಬಂದು ಹುಳಿಯಾರಿನ ಮೇಲೆ ಚಾಮರಾಜನಗರಕ್ಕೆ ಇಳಿಯುವ 150-ಎ ಇನ್ನೊಂದು. ಮಧ್ಯಾಹ್ನದ ಹೊತ್ತು ಈ ರಸ್ತೆಗಳ ಬದಿಗೆ ಕಣ್ಣು ಹಾಯಿಸಿದರೆ ಅಡುಗೆಮನೆಗಳು ಸಾಲಾಗಿ ಕಾಣುತ್ತವೆ. ಲಾರಿಯ ನೆರಳಿನಲ್ಲಿ ಐದು ಕಿಲೋ ಸಿಲಿಂಡರಿನ ತಲೆಗೇ ಬರ್ನರ್ ಕೂರಿಸಿ ಕ್ಲೀನರ್ ಅನ್ನಕ್ಕೆ ಇಟ್ಟಿರುತ್ತಾನೆ. ಯಾತ್ರೆಗೆ ಹೊರಟವರು ಹುಣಸೆಮರದ ಕೆಳಗೆ ಬಸ್ಸು ನಿಲ್ಲಿಸಿ, ಡಿಕ್ಕಿಯಿಂದ ಒಲೆ, ತಪ್ಪಲೆ, ರವೆಯ ಚೀಲ ಇಳಿಸುತ್ತಾರೆ. ಹೊಸದುರ್ಗದ ತೆಂಗು-ಅಡಿಕೆ ತೋಟಗಳಲ್ಲಿ ನೀರು ಹುಡುಕುವ ಬೋರ್‌ವೆಲ್ ಲಾರಿಯ ಹುಡುಗರಿಗಂತೂ ಜೊತೆಯಲ್ಲಿ ಬರುವ ಪೈಪಿನ ಲಾರಿಯೇ ಮನೆ. ತಮಿಳುನಾಡಿನ ತಿರುಚೆಂಗೋಡಿನಿಂದ ಹೊರಟ ರಿಗ್ಗುಗಳು ತಿಂಗಳುಗಟ್ಟಲೆ ಊರು ಮುಟ್ಟುವುದಿಲ್ಲ. ಉಣ್ಣುವುದು, ಮಲಗುವುದು, ಬಟ್ಟೆ ಒಣಗಿಸುವುದು ಎಲ್ಲ ಅಲ್ಲೇ.

ಈ ಸಾಲಿಗೆ ಈಚಿನ ವರ್ಷಗಳಲ್ಲಿ ಕ್ಯಾರವಾನ್ ಸೇರಿದೆ. ಮಂಚ, ಫ್ರಿಜ್ಜು, ಸಿಂಕು, ಒಲೆ ಎಲ್ಲವನ್ನೂ ಒಳಗಿಟ್ಟುಕೊಂಡ ಈ ಗಾಡಿಗಳನ್ನು ಬೆಂಗಳೂರಿನಲ್ಲಿ ಬಾಡಿಗೆಗೂ ಕೊಡುತ್ತಾರೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಅಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್. ವಾಣಿವಿಲಾಸ ಸಾಗರ ಜಲಾಶಯ 1933ರ ಬಳಿಕ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ, ಮತ್ತೆ 2025ರ ಜನವರಿಯಲ್ಲಿ ತುಂಬಿ ಹರಿದಾಗ, ಅದಿರುವ ಮಾರಿಕಣಿವೆಯ ದಾರಿಯಲ್ಲಿ ಗಾಡಿಗಳ ಜಾತ್ರೆಯೇ ನೆರೆದಿತ್ತು. ಹೊಳಲ್ಕೆರೆಯ ಬಯಲು ಗಣಪತಿಗೆ, ಹೊಸದುರ್ಗದ ಹಾಲುರಾಮೇಶ್ವರಕ್ಕೆ ಮನೆಮಂದಿಯೆಲ್ಲ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವುದು ಹೊಸತೇನಲ್ಲ.

ಇಷ್ಟು ಬಗೆಯ ಗಾಡಿಗಳಲ್ಲಿ ಗ್ಯಾಸ್ ಸೋರಿಕೆ ಕಂಡುಹಿಡಿಯುವ ಅಲಾರಂ ಇರುವುದು ಎಷ್ಟರಲ್ಲಿ? ಇದ್ದರೂ, ಅದಕ್ಕೆ ಎಷ್ಟು ವರ್ಷ ವಯಸ್ಸಾಗಿದೆ ಎಂದು ಗೊತ್ತಿರುವ ಚಾಲಕರು ಎಷ್ಟು ಮಂದಿ? ಅಮೆರಿಕದಲ್ಲಿ ಮನೆಗಾಡಿಗಳಿಗೆ ಎನ್‌ಎಫ್‌ಪಿಎ 1192 ಎಂಬ ಮಾನದಂಡವಿದ್ದು, ಗ್ಯಾಸ್ ಒಲೆ ಇರುವ ಗಾಡಿಗೆ ಅಲಾರಂ ಇರಲೇಬೇಕು. ಭಾರತದಲ್ಲೂ ಮೋಟಾರ್ ಕ್ಯಾರವಾನಿಗೆಂದೇ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡ ಬಂದಿದೆ. ಆದರೆ ಲಾರಿಯ ಕ್ಯಾಬಿನ್ನಿನಲ್ಲಿ ಸೀಟಿನ ಹಿಂದೆ ಕೂತ ಸಿಲಿಂಡರು ಯಾವ ಮಾನದಂಡಕ್ಕೂ ಸಿಗುವುದಿಲ್ಲ.

ಎರಡು ದುರಂತಗಳನ್ನು ಇಲ್ಲಿ ನೆನೆಯಬೇಕು. 2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೆ ರೈಲು ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ಬೋಗಿಯೊಂದಕ್ಕೆ ಬೆಂಕಿ ಬಿತ್ತು. ಲಖನೌದಿಂದ ಹೊರಟಿದ್ದ ಯಾತ್ರಿಕರು ಕದ್ದುಮುಚ್ಚಿ ತಂದಿದ್ದ ಗ್ಯಾಸ್ ಸಿಲಿಂಡರಿನಲ್ಲಿ ಚಹಾ ಮಾಡಲು ಹೊರಟಾಗ ಆದ ಅನಾಹುತವದು. ಒಂಬತ್ತು ಮಂದಿ ತೀರಿಕೊಂಡರು. ಮರು ವರ್ಷ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿ ಅಯ್ಯಪ್ಪ ಮಾಲಾಧಾರಿಗಳು ರಾತ್ರಿ ಮಲಗಿದ್ದ ಕೋಣೆಯೊಳಗೆ ಸಿಲಿಂಡರಿನಿಂದ ಗ್ಯಾಸು ಸೋರಿ ಬೆಂಕಿ ಹೊತ್ತಿತು. ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದ ಒಂಬತ್ತು ಮಂದಿಯಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಒಂದು ರೈಲು ಬೋಗಿ, ಇನ್ನೊಂದು ಕೋಣೆ. ಎರಡೂ ಕಡೆ ಇಕ್ಕಟ್ಟು ಜಾಗ, ನಾಲ್ಕು ದಿನದ ಮಟ್ಟಿಗೆ ಹೂಡಿಕೊಂಡ ಅಡುಗೆ, ಮಲಗಿದ ಜನ. ಚಳಿಗಾಲದಲ್ಲಿ ಹಿರಿಯೂರಿನ ಹೆದ್ದಾರಿಗಳ ಮೇಲೆ ಶಬರಿಮಲೆಗೆ ಓಡುವ ಗಾಡಿಗಳಲ್ಲಿಯೂ ಇವೆಲ್ಲ ಇರುತ್ತವೆ.

ಗ್ಯಾಸು ಸೋರಿದರೆ ವಾಸನೆ ಬರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕೊಳೆತ ಕೋಸಿನಂಥ ಆ ನಾತ ಬರುವುದು ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್‌ನಿಂದ. ಹೀಗೆ ವಾಸನೆ ಬೆರೆಸುವ ಕಾನೂನಿನ ಹಿಂದೆ ಒಂದು ಶಾಲೆಯ ಕತೆಯಿದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬಲ್ಲಿ ನೆಲಮಾಳಿಗೆಯಲ್ಲಿ ಸೋರಿ ತುಂಬಿದ್ದ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸಿಡಿದು, ಮಕ್ಕಳು, ಶಿಕ್ಷಕರು ಸೇರಿ ಮುನ್ನೂರರಷ್ಟು ಜನ ಸತ್ತರು. ಆ ಬಳಿಕವೇ ಅನಿಲಕ್ಕೆ ವಾಸನೆ ಸೇರಿಸುವುದು ಅಲ್ಲಿ ಕಡ್ಡಾಯವಾಯಿತು, ಮಿಕ್ಕ ದೇಶಗಳೂ ಅದನ್ನು ಅನುಸರಿಸಿದವು.

ವಾಸನೆ ಇದ್ದರೂ ಅದನ್ನು ಹಿಡಿಯುವ ಮೂಗು ಎಚ್ಚರವಾಗಿರಬೇಕು. ಮಲಗಿದವರನ್ನು ವಾಸನೆ ಎಬ್ಬಿಸುತ್ತದೆ ಎಂಬ ಭರವಸೆಯಿಲ್ಲ. ಎಚ್ಚರವಿದ್ದವರಿಗೂ ಸ್ವಲ್ಪ ಹೊತ್ತಿನಲ್ಲಿ ಅದು ಒಗ್ಗಿಹೋಗುತ್ತದೆ. ಒಗ್ಗರಣೆ, ಊದುಬತ್ತಿ, ಡೀಸೆಲ್ ಹೊಗೆಯ ನಡುವೆ ಮರ್ಕ್ಯಾಪ್ಟನ್ ಎಲ್ಲೋ ಕರಗಿಹೋಗುತ್ತದೆ. ನೆಗಡಿಯಾದ ಚಾಲಕನಿಗಂತೂ ಅದು ಇದ್ದೂ ಇಲ್ಲ.

ಚಿತ್ರದುರ್ಗದಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಅದು ಗಾಳಿ. ಜೋಗಿಮಟ್ಟಿಯ ಸುತ್ತಲ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದಲ್ಲಿ ಅಲ್ಲಿ ಬೀಸುವ ಗಾಳಿಗೆ ರಸ್ತೆಬದಿಯ ಒಲೆ ಉರಿಯುವುದೇ ಕಷ್ಟ. ಎರಡು ಸಲ ಉರಿ ಆರಿದ ಮೇಲೆ ಅಡುಗೆಯವನು ಒಲೆಯನ್ನು ಗಾಡಿಯೊಳಕ್ಕೆ ತರುತ್ತಾನೆ, ಬಾಗಿಲು ಎಳೆದುಕೊಳ್ಳುತ್ತಾನೆ. ಸಾಮಾನ್ಯ ಒಲೆಗಳಲ್ಲಿ ಉರಿ ಆರಿದಾಗ ತಾನಾಗಿ ಗ್ಯಾಸು ನಿಲ್ಲಿಸುವ ಏರ್ಪಾಡು ಇರುವುದಿಲ್ಲ. ಕಿಟಕಿಯ ಸಂದಿಯಿಂದ ನುಗ್ಗಿದ ಗಾಳಿಗೆ ಬರ್ನರ್ ಆರಿದರೆ, ಕುಕ್ಕರಿನ ಕೆಳಗೆ ಗ್ಯಾಸು ಮಾತ್ರ ಸದ್ದಿಲ್ಲದೆ ಬರುತ್ತಲೇ ಇರುತ್ತದೆ.

ಹೀಗೆ ಬಂದ ಗ್ಯಾಸು ಮೇಲೆ ಹೋಗುವುದಿಲ್ಲ. ಎಲ್‌ಪಿಜಿ ಎಂದರೆ ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೆಲಕ್ಕಿಳಿದು, ಸೀಟಿನ ಕೆಳಗೆ ಹರಡಿ, ಬ್ಯಾಟರಿ ಪೆಟ್ಟಿಗೆಯ ತಗ್ಗಿನಲ್ಲಿ ಮಡುಗಟ್ಟುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು ಎರಡರಷ್ಟಾದರೆ ಕಿಡಿ ತಗುಲಿ ಹೊತ್ತಿಕೊಳ್ಳುತ್ತದೆ. ಒಂಬತ್ತು-ಒಂಬತ್ತೂವರೆ ದಾಟಿದರೆ ಆಮ್ಲಜನಕ ಸಾಲದೆ ಹೊತ್ತುವುದಿಲ್ಲ. ಈ ಲೆಕ್ಕವನ್ನು ಒಂದು ಗಾಡಿಗೆ ಹಾಕಿ ನೋಡಬಹುದು. ಟೆಂಪೊ ಟ್ರಾವೆಲರಿನ ಒಳಗೆ ಅಂದಾಜು 15 ಘನ ಮೀಟರ್ ಗಾಳಿ ಇದೆ ಎಂದುಕೊಂಡರೆ, ಅಷ್ಟೂ ಜಾಗ ಅಪಾಯದ ಮಟ್ಟ ಮುಟ್ಟಲು ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಗ್ಯಾಸು ಸಾಕು. ಮನೆಯ ಸಿಲಿಂಡರಿನಲ್ಲಿರುವುದು 14.2 ಕಿಲೋ. ನಾಲ್ಕು ಘನ ಮೀಟರಿನ ಲಾರಿ ಕ್ಯಾಬಿನ್ನಿಗಾದರೆ ಇನ್ನೂರು ಗ್ರಾಂ ಕೂಡ ಬೇಡ. ಗ್ಯಾಸು ಸಮನಾಗಿ ಹರಡದೆ ನೆಲದ ಮೇಲೇ ನಿಲ್ಲುವುದರಿಂದ, ಇದಕ್ಕೂ ಎಷ್ಟೋ ಕಡಿಮೆ ಸೋರಿಕೆಯಲ್ಲಿ ಕಾಲಬುಡ ಹೊತ್ತುವ ಮಟ್ಟ ತಲುಪಿರುತ್ತದೆ.

ಅಲಾರಂ ಕೆಲಸ ಶುರುವಾಗುವುದು ಇಲ್ಲಿ. ಅಂಗೈಯಗಲದ ಈ ಡಬ್ಬಿಯ ಹೊಟ್ಟೆಯಲ್ಲಿರುವ ಸೆನ್ಸರು ಸಾಮಾನ್ಯವಾಗಿ ತವರದ ಆಕ್ಸೈಡಿನದು. ಜಪಾನಿನ ನವೋಯೋಶಿ ತಗುಚಿ 1962ರಲ್ಲಿ ಇದರ ಹಾದಿ ಹಾಕಿಕೊಟ್ಟರು. ಸಣ್ಣ ಹೀಟರೊಂದು ಆ ಆಕ್ಸೈಡನ್ನು ಸದಾ ಬಿಸಿಯಾಗಿಡುತ್ತದೆ. ಶುದ್ಧ ಗಾಳಿಯಲ್ಲಿ ಆಮ್ಲಜನಕ ಅದರ ಮೈಗೆ ಅಂಟಿ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ವಿದ್ಯುತ್ತು ಸಲೀಸಾಗಿ ಹರಿಯುವುದಿಲ್ಲ. ಗ್ಯಾಸು ಬಂದಾಗ ಅದು ಈ ಆಮ್ಲಜನಕದೊಂದಿಗೆ ಕೂಡಿ ಅದನ್ನು ತೆಗೆದುಬಿಡುತ್ತದೆ, ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಸೆನ್ಸರಿನ ತಡೆ ಇಳಿಯುತ್ತದೆ, ಬಜರ್ ಕೂಗುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೊಳ್ಳುವ ಎಂಕ್ಯೂ-6 ಎಂಬ ಪುಟ್ಟ ಸೆನ್ಸರಿನದೂ ಇದೇ ತತ್ತ್ವ. ಒಳ್ಳೆಯ ಅಲಾರಂ, ಗ್ಯಾಸು ಹೊತ್ತುವ ಮಟ್ಟದ ಕಾಲುಭಾಗ ಮುಟ್ಟುವುದರೊಳಗೆ ಕೂಗಬೇಕು. ಅಂದರೆ ಕಿಟಕಿ ತೆಗೆದು ಜನರನ್ನು ಇಳಿಸಲು ಸಮಯ ಉಳಿದಿರುತ್ತದೆ.

ಸದಾ ಬಿಸಿಯಾಗಿರುವ ಈ ಭಾಗವೇ ಮುಪ್ಪಾಗುವ ಭಾಗವೂ ಹೌದು. ಮನೆಗಾಡಿಗಳ ಅಲಾರಂಗಳಿಗೆ ತಯಾರಕರು ಕೊಡುವ ಆಯುಸ್ಸು ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಆ ಲೆಕ್ಕ ಶುರುವಾಗುವುದು ಕೆಲವು ಯಂತ್ರಗಳಲ್ಲಿ ತಯಾರಾದ ದಿನದಿಂದ, ಕೆಲವಲ್ಲಿ ಮೊದಲು ವಿದ್ಯುತ್ತು ಕೊಟ್ಟ ದಿನದಿಂದ. ತಾರೀಖು ಬರೆದಿರುವುದು ಡಬ್ಬಿಯ ಬೆನ್ನಿನ ಮೇಲೆ, ಸ್ಕ್ರೂ ಬಿಚ್ಚಿದರೆ ಮಾತ್ರ ಕಾಣುವ ಜಾಗದಲ್ಲಿ. ಹಳೆಯ ಗಾಡಿ ಕೊಂಡವರು ಅದನ್ನು ಬಿಚ್ಚಿ ನೋಡುವುದು ಕಡಿಮೆ. ಮುಂದುಗಡೆ ಹಸಿರು ದೀಪ ಉರಿಯುತ್ತಿದೆ, ಅಷ್ಟೇ ಸಾಕು ಎನ್ನುತ್ತಾರೆ. ಹಸಿರು ದೀಪ ಹೇಳುವುದು ಕರೆಂಟು ಬರುತ್ತಿದೆ ಎಂಬುದನ್ನು. ಟೆಸ್ಟ್ ಗುಂಡಿ ಒತ್ತಿದಾಗ ಬರುವ ಸದ್ದು ಎಷ್ಟೋ ಯಂತ್ರಗಳಲ್ಲಿ ಬಜರೂ ಸರ್ಕಿಟ್ಟೂ ಸರಿ ಇವೆ ಎಂಬುದಕ್ಕೆ ಮಾತ್ರ ಸಾಕ್ಷಿ. ಸೆನ್ಸರಿಗೆ ಇನ್ನೂ ಗ್ಯಾಸು ತಿಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ವಯಸ್ಸು ಒಂದೇ ಶತ್ರುವಲ್ಲ. ಅದಿರಿನ ಲಾರಿಗಳು ಓಡಾಡುವ ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಕೆಂಪು ಧೂಳು ಡಬ್ಬಿಯ ಜಾಲರಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಗ್ಯಾಸು ಒಳಗೆ ಹೋಗಲು ದಾರಿಯೇ ಇಲ್ಲದಂತಾಗುತ್ತದೆ. ಡ್ಯಾಶ್‌ಬೋರ್ಡು ಮಿರುಗಿಸಲು ಗ್ಯಾರೇಜಿನವರು ಹೊಡೆಯುವ ಸಿಲಿಕೋನ್ ಪಾಲಿಶ್, ಗಾಜಿನ ಸಂದಿಗೆ ತುಂಬುವ ಸಿಲಿಕೋನ್ ಅಂಟು ಇವುಗಳ ಆವಿ ಸೆನ್ಸರಿನ ಮೇಲೆ ಪೊರೆಗಟ್ಟಿ, ಅದನ್ನು ಶಾಶ್ವತವಾಗಿ ಕೆಡಿಸಬಲ್ಲದು. ಸೊಳ್ಳೆ ಸ್ಪ್ರೇ, ಬಾಡಿ ಸ್ಪ್ರೇ, ಪೇಂಟಿನ ಥಿನ್ನರ್ ಹುಸಿ ಕೂಗು ಎಬ್ಬಿಸುತ್ತವೆ. ಎರಡು ಸಲ ಹೀಗೆ ಸುಮ್ಮನೆ ಕೂಗಿತೆಂದರೆ ಕ್ಲೀನರ್ ವೈರು ಕಿತ್ತುಹಾಕುತ್ತಾನೆ, ಮುಂದಿನ ಚಾಲಕನಿಗೆ ಅದು ಗೊತ್ತೂ ಆಗುವುದಿಲ್ಲ.

ಇದರ ಆರೈಕೆಗೆ ದೊಡ್ಡ ವಿದ್ಯೆ ಬೇಡ. ತಿಂಗಳಿಗೊಮ್ಮೆ ಮೆತ್ತಗಿನ ಬ್ರಷ್ ಅಥವಾ ವ್ಯಾಕ್ಯೂಮ್‌ನಿಂದ ಜಾಲರಿಯ ಧೂಳು ತೆಗೆದು, ಒಣಬಟ್ಟೆಯಲ್ಲಿ ಒರೆಸಬೇಕು. ನೀರು, ಸೋಪು, ಸ್ಪ್ರೇ ಕ್ಲೀನರ್ ಹತ್ತಿರ ಸುಳಿಯಬಾರದು. ಒಳಗೆ ಊದುವುದೂ ಬೇಡ. ಪ್ರತಿ ಪ್ರಯಾಣಕ್ಕೆ ಮುಂಚೆ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಗಾಡಿಗೆ ಬಣ್ಣ ಬಳಿಸುವಾಗ, ಸೀಟಿನ ಕವರು ಅಂಟಿಸುವಾಗ ಅಲಾರಂ ಬಿಚ್ಚಿ ಬೇರೆಡೆ ಇಡುವುದು ಒಳ್ಳೆಯದು. ಕೆಲಸ ಮುಗಿದು ವಾಸನೆ ಹೋದ ಮೇಲೆ ಮತ್ತೆ ಕೂರಿಸಿದರಾಯಿತು.

ಹೊಸದನ್ನು ಕೊಳ್ಳುವಾಗ ಮೊದಲು ನೋಡಬೇಕಾದದ್ದು ವೋಲ್ಟೇಜು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಮನೆಬಳಕೆಯ ಅಲಾರಂಗಳು ಹೆಚ್ಚಾಗಿ 230 ವೋಲ್ಟಿನವು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥವು. ಟೆಂಪೊ ಟ್ರಾವೆಲರ್, ವ್ಯಾನುಗಳಲ್ಲಿ ಇರುವುದು 12 ವೋಲ್ಟು. ದೊಡ್ಡ ಲಾರಿ, ಬಸ್ಸುಗಳಲ್ಲಿ 24. ಹನ್ನೆರಡರ ಯಂತ್ರವನ್ನು ನೇರವಾಗಿ ಇಪ್ಪತ್ನಾಲ್ಕಕ್ಕೆ ಕೊಟ್ಟರೆ ಅದು ಅಲ್ಲೇ ಸುಟ್ಟುಹೋಗಬಹುದು. ಎರಡನೆಯದು, ಅದು ಹಿಡಿಯುವುದು ಎಲ್‌ಪಿಜಿಯನ್ನೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹೊಗೆಯ ಅಲಾರಂ ಬೇರೆ. ಕಾರ್ಬನ್ ಮೊನಾಕ್ಸೈಡಿನ ಅಲಾರಂ ಕೂಡ ಬೇರೆ: ಮುಚ್ಚಿದ ಗಾಡಿಯಲ್ಲಿ ಇದ್ದಿಲು ಉರಿಸಿದಾಗ, ಜನರೇಟರಿನ ಹೊಗೆ ಒಳಗೆ ಬಂದಾಗ ಕೊಲ್ಲುವ ಆ ಅನಿಲಕ್ಕೆ ವಾಸನೆಯೇ ಇಲ್ಲ. ಅದು ಗಾಳಿಯಷ್ಟೇ ಹಗುರ. ಒಂದೇ ಡಬ್ಬಿಯಲ್ಲಿ ಎರಡನ್ನೂ ಹಿಡಿಯುವ ಯಂತ್ರಗಳೂ ಇವೆ.

ಹಳೆಯದನ್ನು ಬದಲಿಸುವ ಕೆಲಸ ಅರ್ಧ ಗಂಟೆಯದು. ಮೊದಲು ಗ್ಯಾಸಿನ ವಾಲ್ವ್ ಮುಚ್ಚಿ, ಬಾಗಿಲು ತೆರೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಡಬ್ಬಿಯ ಎರಡು ಅಥವಾ ನಾಲ್ಕು ಸ್ಕ್ರೂ ತೆಗೆದು ಮೆಲ್ಲಗೆ ಮುಂದೆ ಎಳೆದರೆ ಹಿಂದೆ ಎರಡು ವೈರು ಕಾಣುತ್ತವೆ. ಯಾವುದು ಪಾಸಿಟಿವ್ ಎಂಬುದನ್ನು ಬಣ್ಣದ ಮೇಲಷ್ಟೇ ನಂಬದೆ, ಕತ್ತರಿಸುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಆಮೇಲೆ ತಲೆಬಿಸಿ ಇಲ್ಲ. ಹೊಸ ಜೋಡಣೆಯನ್ನು ಕೈಯಲ್ಲಿ ಹೊಸೆದು ಟೇಪು ಸುತ್ತಿ ಬಿಡಬಾರದು. ನಮ್ಮ ರಸ್ತೆಯ ಕುಲುಕಾಟಕ್ಕೆ ಅದು ಸಡಿಲಾಗಿ, ಗ್ಯಾಸು ಹಿಡಿಯಬೇಕಾದ ಜಾಗದಲ್ಲೇ ಕಿಡಿ ಹಾರುತ್ತದೆ. ಕ್ರಿಂಪ್ ಕನೆಕ್ಟರ್ ಒತ್ತಿ, ಆ ಸಾಲಿಗೆ ಸಣ್ಣ ಫ್ಯೂಸು ಹಾಕಿಸಬೇಕು. ಹೊಸ ಡಬ್ಬಿಯ ಮೇಲೆ ಕೂರಿಸಿದ ತಿಂಗಳು, ವರ್ಷವನ್ನು ಮಾರ್ಕರಿನಲ್ಲಿ ಮುಂದುಗಡೆಯೇ ಬರೆದುಬಿಟ್ಟರೆ ಮುಂದಿನವರು ಸ್ಕ್ರೂ ಬಿಚ್ಚುವ ಕೆಲಸ ತಪ್ಪುತ್ತದೆ. ಕರೆಂಟು ಕೊಟ್ಟ ಮೇಲೆ ಸೆನ್ಸರ್ ಬಿಸಿಯಾಗಲು ಕೆಲವು ನಿಮಿಷ ಬೇಕು. ಆ ತನಕ ದೀಪ ಮಿನುಗುತ್ತದೆ. ಗ್ಯಾಸು ಬಿಟ್ಟೇ ಪರೀಕ್ಷೆ ಮಾಡಬೇಕೆಂದರೆ ತಯಾರಕರ ಪುಸ್ತಕದಲ್ಲಿ ಹೇಳಿದ ರೀತಿಯಲ್ಲೇ ಮಾಡಬೇಕು, ಸಿಲಿಂಡರಿನ ಪೈಪನ್ನು ಮುಂದೆ ಹಿಡಿಯುವ ಸಾಹಸ ಬೇಡ.

ಜಾಗದ ಆಯ್ಕೆಯಲ್ಲಿ ತಪ್ಪಾಗುವುದು ಹೆಚ್ಚು. ಹೊಗೆಯ ಅಲಾರಂ ನೋಡಿ ರೂಢಿಯಾದವರು ಇದನ್ನೂ ಚಾವಣಿಗೆ ಬಡಿಯುತ್ತಾರೆ. ನೆಲದ ಮೇಲೆ ಮಲಗುವ ಗ್ಯಾಸು ಅಲ್ಲಿಗೆ ಏರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಎಲ್‌ಪಿಜಿ ಅಲಾರಂ ಇರಬೇಕಾದದ್ದು ನೆಲದಿಂದ ಒಂದು ಗೇಣಿನಿಂದ ಎರಡು ಗೇಣಿನೊಳಗೆ, ಒಲೆಯೂ ಸಿಲಿಂಡರೂ ಇರುವ ಭಾಗದಲ್ಲಿ. ಬಾಗಿಲ ಗಾಳಿ ನೇರವಾಗಿ ಹೊಡೆಯುವ ಕಡೆ, ಪರದೆ ಅಥವಾ ಬ್ಯಾಗಿನ ಹಿಂದೆ, ಅಡುಗೆಯ ಹಬೆ ತಗಲುವ ಕಡೆ ಬೇಡ.

ಬ್ಯಾಟರಿಯದೂ ಒಂದು ಲೆಕ್ಕವಿದೆ. ಹೀಟರ್ ಇರುವುದರಿಂದ ಅಲಾರಂ ಹಗಲೂ ರಾತ್ರಿ ಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತದೆ. ನೂರು ಮಿಲಿ ಆಂಪಿಯರ್ ಎಳೆಯುವ ಯಂತ್ರ ದಿನಕ್ಕೆ 2.4 ಆಂಪಿಯರ್-ಅವರ್ ತಿನ್ನುತ್ತದೆ. ಹೀಗಾದರೆ 100 ಆಂಪಿಯರ್-ಅವರ್ ಬ್ಯಾಟರಿ ನಲವತ್ತು ದಿನದ ಆಸುಪಾಸಿನಲ್ಲಿ ಖಾಲಿ. ಯಾತ್ರೆಯ ಕಾಲ ಮುಗಿದು ಶೆಡ್ಡಿನಲ್ಲಿ ನಿಂತ ಗಾಡಿಗೆ ಪ್ರತ್ಯೇಕ ಸ್ವಿಚ್ಚು ಇದ್ದರೆ ಒಳ್ಳೆಯದು, ಆದರೆ ಆ ಸ್ವಿಚ್ಚನ್ನು ಮತ್ತೆ ಹಾಕುವುದು ಚಾಲಕನ ಮೊದಲ ಕೆಲಸವಾಗಬೇಕು. ಬ್ಯಾಟರಿ ಇಳಿದಾಗಲೂ ಅಲಾರಂ ಬಿಟ್ಟು ಬಿಟ್ಟು ಬೀಪ್ ಎನ್ನುತ್ತದೆ. ಆಯುಸ್ಸು ಮುಗಿದಾಗ ಬೇರೆ ಲಯದಲ್ಲಿ. ಎರಡಕ್ಕೂ ಗ್ಯಾಸಿನ ಕೂಗಿಗೂ ಇರುವ ವ್ಯತ್ಯಾಸವನ್ನು ಗಾಡಿಯಲ್ಲಿ ಮಲಗುವ ಎಲ್ಲರೂ ಒಮ್ಮೆ ಕೇಳಿಸಿಕೊಂಡಿರಬೇಕು.

ಅಲಾರಂ ಸೋರಿಕೆಯನ್ನು ತಡೆಯುವುದಿಲ್ಲ, ತಿಳಿಸುತ್ತದೆ ಅಷ್ಟೆ. ತಡೆಯುವುದು ಪೈಪು, ವಾಷರು, ರೆಗ್ಯುಲೇಟರು. ಉಕ್ಕಿನ ತಂತಿಯ ಹೆಣಿಗೆಯುಳ್ಳ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೂ ಐದು ವರ್ಷದ ಗಡುವಿದೆ, ವರ್ಷ ಅದರ ಮೈಮೇಲೇ ಅಚ್ಚಾಗಿರುತ್ತದೆ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಅಕ್ಷರದೊಂದಿಗೆ ವರ್ಷದ ಎರಡು ಅಂಕಿ ಇರುತ್ತವೆ: ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ-27 ಎಂದಿದ್ದರೆ 2027ರ ಜೂನ್ ಹೊತ್ತಿಗೆ ಅದರ ಮರುಪರೀಕ್ಷೆ ಆಗಬೇಕು. ಸಿಲಿಂಡರ್ ಬದಲಿಸಿದಾಗಲೆಲ್ಲ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು; ಕಡ್ಡಿ ಗೀರಿ ನೋಡುವ ಹಳೆಯ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಗಾಡಿ ಓಡುವಾಗ ವಾಲ್ವ್ ಮುಚ್ಚಿರಬೇಕು, ಸಿಲಿಂಡರ್ ನೆಟ್ಟಗೆ ನಿಂತು ಕಟ್ಟಿಹಾಕಿರಬೇಕು. ಕ್ಯಾರವಾನುಗಳಲ್ಲಿ ಅದಕ್ಕೆ ಹೊರಗಿನಿಂದ ತೆರೆಯುವ ಪೆಟ್ಟಿಗೆ ಇದ್ದು, ತಳದಲ್ಲಿ ಗ್ಯಾಸು ಇಳಿದುಹೋಗಲು ತೂತು ಇರುತ್ತದೆ.

ಜನ ಕೂತ ಬಸ್ಸಿನ ಮಾತೇ ಬೇರೆ. ಸುಲಭವಾಗಿ ಹೊತ್ತಿಕೊಳ್ಳುವ ಸರಕನ್ನು ಪ್ರಯಾಣಿಕರ ಜೊತೆ ಸಾಗಿಸಲು ಮೋಟಾರು ವಾಹನ ನಿಯಮಗಳು ಒಪ್ಪುವುದಿಲ್ಲ. ರೈಲಿನಲ್ಲಿ ಒಯ್ದರೆ 1989ರ ರೈಲ್ವೆ ಕಾಯ್ದೆಯಡಿ ಮೂರು ವರ್ಷದವರೆಗೂ ಸೆರೆವಾಸ ಆಗಬಹುದು. ಅಡುಗೆಯ ಸಾಮಾನನ್ನು ಹಿಂದೆ ಬರುವ ಸರಕಿನ ಗಾಡಿಗೆ ಹಾಕಿ, ಬಸ್ಸಿನಲ್ಲಿ ಜನರನ್ನಷ್ಟೇ ಕೂರಿಸುವ ತಂಡಗಳೂ ಇವೆ. ಅವರಿಗೆ ಅಲಾರಂ ಬೇಕಾಗುವುದು ಆ ಹಿಂದಿನ ಗಾಡಿಯಲ್ಲಿ, ಅಡುಗೆಯವರು ಮಲಗುವ ಜಾಗದಲ್ಲಿ.

ಇನ್ನು ಅಲಾರಂ ಕೂಗಿಯೇ ಬಿಟ್ಟಿತು ಎನ್ನೋಣ. ರಾತ್ರಿ ಎರಡು ಗಂಟೆ, ಹಿರಿಯೂರು ದಾಟಿ ಎಲ್ಲೋ ಬಂಕಿನ ಬದಿಯಲ್ಲಿ ಗಾಡಿ ನಿಂತಿದೆ. ಕೈ ತಾನಾಗಿ ಹೋಗುವುದು ಲೈಟಿನ ಸ್ವಿಚ್ಚಿಗೆ, ಇಲ್ಲವೇ ಮೊಬೈಲ್ ಟಾರ್ಚಿಗೆ. ಎರಡೂ ಕೂಡದು. ಲೈಟು, ಫ್ಯಾನು, ಎಕ್ಸಾಸ್ಟ್, ಇಗ್ನಿಷನ್ ಯಾವುದನ್ನೂ ಹಾಕಬಾರದು, ಉರಿಯುತ್ತಿರುವುದನ್ನು ಆರಿಸಲೂ ಬಾರದು. ಸ್ವಿಚ್ಚಿನ ಕಿಡಿಗೆ ಎರಡೂ ಒಂದೇ. ಬಾಗಿಲು, ಕಿಟಕಿ ತೆರೆದು ಎಲ್ಲರನ್ನೂ ಎಬ್ಬಿಸಿ ಇಳಿಸಬೇಕು. ಕೈಗೆಟಕುವಂತಿದ್ದರೆ ಸಿಲಿಂಡರಿನ ವಾಲ್ವ್ ತಿರುಗಿಸಿ, ಗಾಳಿ ಯಾವ ಕಡೆಯಿಂದ ಬೀಸಿ ಬರುತ್ತಿದೆಯೋ ಆ ಕಡೆಗೆ ದೂರ ಸರಿಯಬೇಕು. ಫೋನು ಮಾಡುವುದು ಅಲ್ಲಿಂದ ಆಚೆ ಹೋದ ಮೇಲೆ. ಎಲ್‌ಪಿಜಿ ಸೋರಿಕೆಗೆಂದೇ 1906 ಎಂಬ ಸಹಾಯವಾಣಿ ಇದೆ; ಬೆಂಕಿ ಕಂಡರೆ 112 ಅಥವಾ 101.

ಬಾಡಿಗೆ ಗಾಡಿಗಳಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಚಿತ್ರದುರ್ಗದ ಕೆಎ-16 ಗಾಡಿಗಳು ಅದಕ್ಕೆ ಮುನ್ನ ಗ್ಯಾರೇಜಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ: ಬ್ರೇಕು, ಇಂಡಿಕೇಟರು, ರಿಫ್ಲೆಕ್ಟರ್ ಸ್ಟಿಕ್ಕರು, ವೈಪರು. ಮೆಕ್ಯಾನಿಕ್ಕಿನ ಕೈಯಲ್ಲಿ ಸ್ಕ್ರೂಡ್ರೈವರ್ ಇರುವ ಆ ದಿನವೇ ಅಲಾರಂ ಬಿಚ್ಚಿ ಬೆನ್ನಿನ ತಾರೀಖು ನೋಡಿಸಬಹುದು. ಅಲಾರಂ, ಪೈಪು, ಸಿಲಿಂಡರ್ ಈ ಮೂರರ ವರ್ಷವನ್ನೂ ಒಂದು ಚೀಟಿಯಲ್ಲಿ ಬರೆದು ಎಫ್‌ಸಿ ಕಾಗದದ ಪ್ಲಾಸ್ಟಿಕ್ ಕವರಿನಲ್ಲೇ ಸೇರಿಸಿಡಬಹುದು. ಕಾರ್ತಿಕದ ಹೊತ್ತಿಗೆ ಶಬರಿಮಲೆಗೆ ಗಾಡಿ ಮಾತಾಡಲು ಬರುವ ಗುರುಸ್ವಾಮಿಗಳು ಕಿಲೋಮೀಟರಿಗೆ ಎಷ್ಟು, ಎಸಿ ಇದೆಯೇ, ಡಿವಿಡಿ ಇದೆಯೇ ಎಂದು ವಿಚಾರಿಸುತ್ತಾರೆ. ಅಡುಗೆಯ ಗಾಡಿಯನ್ನೂ ಜೊತೆಗೇ ಮಾತಾಡುವವರು ಮುಂಗಡ ಕೊಡುವ ಮುನ್ನ ಆ ಚೀಟಿಯನ್ನೂ ಕೇಳಿ ನೋಡಬಹುದು.